ಐದು ವರ್ಷದ ಮೇಲ್ವಿಚಾರಣೆ

ಆ ಬೆಳಗ್ಗೆ ಚಿಕ್ಕಬಾಣಾವರದಲ್ಲಿ ಮಂಜು ಎಷ್ಟಿತ್ತೆಂದರೆ, ರೈಲು ಹೋದ ಸದ್ದು ಕೇಳಿತೇ ಹೊರತು ರೈಲು ಕಾಣಲಿಲ್ಲ. ಬಾಡಿಗೆ ಕೋಣೆಯಲ್ಲಿ ದೀಪ ಹಚ್ಚಿ, ಮುನೇಶ್ವರನಿಗೆ ಕೈಮುಗಿದು, ನಾಗಲಕ್ಷ್ಮಿ ಗಂಗಾನಗರಕ್ಕೆ ಹೊರಟಳು. ಹೋಗಿಬರ್ತೀನಿ ಅಂತ ಹೇಳಲು ಮನೆಯಲ್ಲಿ ಯಾರೂ ಇರಲಿಲ್ಲ.

ವಿಶೇಷ ಮಕ್ಕಳ ಕೇಂದ್ರವೊಂದರಲ್ಲಿ ಅವಳದು ಹನ್ನೊಂದು ವರ್ಷದ ಕೆಲಸ. ಮಾತು ಬಾರದ ಮಕ್ಕಳೊಡನೆ ದಿನವೆಲ್ಲ ಮಾತಾಡಿ, ಸಂಜೆ ಆ ಕೋಣೆಗೆ ಮರಳಿ ಸುಮ್ಮನಾಗುವವಳು. ಈಗ ಕೇಂದ್ರದಲ್ಲಿ ಮೇಲ್ವಿಚಾರಕಿಯ ಹುದ್ದೆ ಖಾಲಿಯಿತ್ತು. ಅವಳಲ್ಲಿ ಡಿಪ್ಲೊಮಾ ಇತ್ತು, ವಿಶೇಷ ಶಿಕ್ಷಕಿಯೆಂಬ ನೋಂದಣಿಯೂ ಇತ್ತು. ಆ ಹುದ್ದೆಗೆ ಬೇಕಿದ್ದ, ಐದು ವರ್ಷ ಮೇಲ್ವಿಚಾರಣೆ ಮಾಡಿದ ಅನುಭವಕ್ಕೆ ಮಾತ್ರ ಪುರಾವೆ ಇರಲಿಲ್ಲ. ಹೊಸ ಟೀಚರುಗಳಿಗೆ ಕಲಿಸಿದವಳು, ಪ್ರತಿ ಮಗುವಿನ ವರದಿ ಬರೆದವಳು ಅವಳೇ. ಸಹಿ ಮಾತ್ರ ವೆಂಕಟೇಶಪ್ಪನವರದು. ಆಗಿನ ಮೇಲ್ವಿಚಾರಕರು ಅವರು. ಶನಿವಾರ ಬಂದು ವಾರದ್ದಕ್ಕೆಲ್ಲ ಒಟ್ಟಿಗೆ ಸಹಿ ಹಾಕಿ ಹೋಗುತ್ತಿದ್ದರು. ನಿವೃತ್ತರಾಗಿ ವರ್ಷವಾಗಿತ್ತು. ಅವರಿಂದ ಪತ್ರ ತಾ, ಇಲ್ಲವಾದರೆ ಹೊರಗಿನವರನ್ನು ತೆಗೆದುಕೊಳ್ಳುತ್ತೇವೆ ಎಂದು ಆಡಳಿತ ಮಂಡಳಿ ಹೇಳಿತ್ತು.

ಗಂಗಾನಗರದ ತಮ್ಮ ಮನೆಯಲ್ಲಿ ವೆಂಕಟೇಶಪ್ಪ ನಗುತ್ತಲೇ ಬಾಗಿಲು ತೆಗೆದರು. "ಸೈನ್ ಬೇಕಾಗಿತ್ತೇನಮ್ಮ? ನಮ್ಮ ಮಕ್ಳ ಮಾರ್ಕ್ಸ್ ಕಾರ್ಡಿಗೂ ಅಷ್ಟು ಹಾಕಿಲ್ಲ ನಾನು, ನಿನಗೆ ಹಾಕಿದಷ್ಟು."

ಅವಳು ಬಂದ ವಿಷಯ ಹೇಳಿದಳು. ಅವರ ನಗು ನಿಂತಿತು. ಎಲ್ಲ ನೀನೇ ಮಾಡಿದ್ದು ಅಂತ ಬರೆದರೆ ನಾನೇನು ಮಾಡುತ್ತಿದ್ದೆ ಅಂತ ಜನ ಕೇಳುವುದಿಲ್ಲವೇ ಎಂದರು. ನೀನು ಮಗಳ ಸಮಾನ, ಬೇರೆ ಏನಾದರೂ ಕೇಳು ಎಂದರು.

ಕಾಫಿ ಬಂತು. ಕುಡಿಯುತ್ತ ಸುಮ್ಮನೆ ಕೂರಲಾರದೆ ಕೇಂದ್ರದ ಸುದ್ದಿ ಹೇಳಿದಳು. ಬೇರೆ ಸುದ್ದಿ ಅವಳ ಹತ್ತಿರ ಇರಲಿಲ್ಲ. ಹಮ್ಜಾ ಮೊನ್ನೆ ಬಾಯಿಬಿಟ್ಟು ನೀರು ಕೇಳಿದ, ಅದೇ ಮೊದಲ ಸಲ ಅಂದಳು.

"ಯಾವ ಹಮ್ಜಾ?"

ಆರು ವರ್ಷ ಆ ಮಗುವಿನ ವರದಿಯ ಪ್ರತಿ ಹಾಳೆಗೂ ಸಹಿ ಹಾಕಿದವರು ಅವರು. ನಾಗಲಕ್ಷ್ಮಿ ತಲೆ ತಗ್ಗಿಸಿ, "ಕಿಟಕಿ ಹತ್ರ ಕೂರ್ತಿದ್ದ, ಸಾರ್" ಅಂದಳು.

ವೆಂಕಟೇಶಪ್ಪ ಕಾಫಿ ಲೋಟ ಕೆಳಗಿಟ್ಟರು. ಆಮೇಲೆ ಎದ್ದು ಒಳಗೆ ಹೋದರು. ಇನ್ನು ಬರುವುದಿಲ್ಲ ಅಂದುಕೊಂಡು ಅವಳು ಬ್ಯಾಗು ಹೆಗಲಿಗೇರಿಸಿ ನಿಂತಾಗ, ಅವರು ಹೊರಬಂದರು. ಕೈಯಲ್ಲಿದ್ದ ಹಾಳೆಯ ಮಸಿ ಇನ್ನೂ ಒಣಗಿರಲಿಲ್ಲ. ಮಕ್ಕಳನ್ನು ಕಂಡವಳು, ಶಿಕ್ಷಕಿಯರಿಗೆ ದಾರಿ ತೋರಿದವಳು, ವರದಿ ಬರೆದವಳು ನಾಗಲಕ್ಷ್ಮಿ, ನಾನು ಸಹಿಯಷ್ಟೇ ಹಾಕಿದ್ದೆ ಎಂದು ಅದರಲ್ಲಿ ಬರೆದಿತ್ತು.

ಅವರು ಎರಡೂ ಕೈಯಲ್ಲಿ ಹಿಡಿದು, ಅದನ್ನು ಅವಳಿಗೆ ಕೊಟ್ಟರು.