ಫ್ಯಾನಿನವರ ಗಣಿ

ಚೇಳೂರು ಹೋಬಳಿಯ ಆ ಹಳ್ಳಿಯಲ್ಲಿ ರಂಗನಾಥನ ಹೆಸರು ಯಾರಿಗೂ ಗೊತ್ತಿರಲಿಲ್ಲ. ಟೀ ಅಂಗಡಿಗೆ ಹೋದರೆ "ಫ್ಯಾನಿನವ್ರು ಬಂದ್ರು" ಅನ್ನುತ್ತಿದ್ದರು, ಅಷ್ಟೇ. ಕುಣಿಗಲ್ಲಿನಿಂದ ಒಬ್ಬನೇ ಬಂದು, ತಿಪ್ಪಮ್ಮನ ಕೊಬ್ಬರಿ ಶೆಡ್ಡು ಬಾಡಿಗೆಗೆ ಹಿಡಿದು, ಅದರೊಳಗೆ ಬಿಟ್‌ಕಾಯಿನ್ ಮೈನಿಂಗ್ ಯಂತ್ರಗಳನ್ನು ಸಾಲಾಗಿ ಜೋಡಿಸಿದ್ದ. ಅವು ಹಗಲೂ ರಾತ್ರಿ ಲೆಕ್ಕ ಬಿಡಿಸುತ್ತಿದ್ದವು. ಆ ಲೆಕ್ಕಕ್ಕೆ ಕೂಲಿಯಾಗಿ ಕಣ್ಣಿಗೆ ಕಾಣದ ನಾಣ್ಯದ ಒಂದು ಚೂರು ಸಿಗುತ್ತಿತ್ತು. ಕಾದ ಯಂತ್ರಗಳನ್ನು ತಣ್ಣಗಿಡುವ ಫ್ಯಾನುಗಳು ಸದಾ ಭೋರೆನ್ನುತ್ತಿದ್ದವು. ಆ ಸದ್ದಿನಲ್ಲೇ ಉಂಡು, ಆ ಸದ್ದಿನಲ್ಲೇ ಮಲಗಿ, ಅವನಿಗೆ ಮನುಷ್ಯರ ಮಾತು ದೂರದಿಂದ ಬಂದಂತೆ ಕೇಳತೊಡಗಿತ್ತು.

ಬಿಸಿಗಾಳಿ ಮೇಲಿನ ಅಟ್ಟಕ್ಕೆ ಏರುತ್ತಿತ್ತು. ಅಲ್ಲಿ ಕೊಬ್ಬರಿಗೆಂದು ತಿಪ್ಪಮ್ಮ ಹಾಕಿದ್ದ ತೆಂಗಿನಕಾಯಿ ಬೇಗ ಒಣಗುತ್ತಿದ್ದವು. ಆಗಾಗ ಏಣಿ ಹತ್ತಿ, ಕಾಯನ್ನು ಕಿವಿಯ ಹತ್ತಿರ ಅಲ್ಲಾಡಿಸುವಳು. ಒಳಗಿನ ತಿರುಳು ಒಣಗಿ ಗಿಟುಕಾಗಿ, ಚಿಪ್ಪು ಬಿಟ್ಟು ಗಡಗಡ ಅಂದರೆ ಕೊಬ್ಬರಿಯಾಯಿತು ಎಂದರ್ಥ.

"ನಿನ್ ಮಿಷಿನ್ನು ನನ್ ಕಾಯಿಗೆ ಬಾಣಂತನ ಮಾಡ್ತವೆ ಕಣಪ್ಪ," ಅನ್ನುವಳು. ಇಡೀ ದಿನದಲ್ಲಿ ಅವನಿಗೆ ಸಿಗುತ್ತಿದ್ದ ಮಾತು ಕೆಲವೊಮ್ಮೆ ಅದೊಂದೇ.

ಪಾಲುದಾರ ಮಲ್ಲಿಕಾರ್ಜುನ್ ಇದ್ದದ್ದು ತುಮಕೂರಿನ ಉಪ್ಪಾರಹಳ್ಳಿಯಲ್ಲಿ. ಸರ್ಕಾರ ಈ ಗಳಿಕೆಗೆ ನೂರಕ್ಕೆ ಮೂವತ್ತು ತೆರಿಗೆ ಹಾಕಿ, ಕರೆಂಟಿನ ಖರ್ಚನ್ನೂ ಕಳೆಯುವ ಹಾಗಿಲ್ಲ ಅಂದಾಗಿನಿಂದ ಅವನ ಬಾಯಲ್ಲಿ ಇಥಿಯೋಪಿಯಾ ಇಥಿಯೋಪಿಯಾ ಎಂಬ ಜಪ; ಅಲ್ಲಿ ಕರೆಂಟು ಅಗ್ಗ, ಯಂತ್ರಗಳನ್ನು ಅಲ್ಲಿಗೇ ಸಾಗಿಸೋಣ ಅನ್ನುತ್ತಿದ್ದ. ಅಷ್ಟರಲ್ಲಿ ಕರೆಂಟಿನವರೂ ಬಂದರು. ಇದು ಕೊಬ್ಬರಿಗೆ ಕೊಟ್ಟ ಕನೆಕ್ಷನ್ನು, ಪಂಚಾಯ್ತಿ ಲೈಸೆನ್ಸ್ ತಂದರೆ ಬೇರೆ ಮೀಟರು, ಇಲ್ಲದಿದ್ದರೆ ಕರೆಂಟು ಕಟ್ ಅಂದರು.

"ಕಂಪ್ಯೂಟರ್ ಸೆಂಟರ್ ಅಂತ ಬರ್ದು ಬಿಸಾಕ್ಲಾ, ಯಾರ್ ನೋಡ್ತಾರೆ?" ಫೋನಿನಲ್ಲಿ ಮಲ್ಲಿಕಾರ್ಜುನ್ ನಕ್ಕ.

"ಇಲ್ಲ ಮಲ್ಲಿ, ಇರೋದನ್ನೇ ಬರೀತೀನಿ. ಸಿಕ್ರೆ ಇಲ್ಲೇ ಇರೋಣ."

"ಸಿಗ್ದಿದ್ರೆ?"

"ಲಾರಿ ತಗೊಂಡ್ ಬಾ."

ಅರ್ಜಿಯನ್ನು ಒಂದೂ ಇಂಗ್ಲಿಷ್ ಪದವಿಲ್ಲದೆ ಬರೆದ. ಮೈನಿಂಗಿಗೆ ಕನ್ನಡದಲ್ಲಿ ಇದ್ದದ್ದು ಒಂದೇ ಮಾತು. ಅದನ್ನೇ ದುಂಡಗೆ ಬರೆದು, ಓದಿಕೊಂಡು ಖುಷಿಪಟ್ಟ.

ಗ್ರಾಮಸಭೆಯಲ್ಲಿ ಪಿಡಿಒ ಓದಿದರು: "ರಂಗನಾಥ್ ಬಿನ್ ಪುಟ್ಟರಂಗಯ್ಯ..."

ಆ ಊರಿನಲ್ಲಿ ತನ್ನ ಹೆಸರನ್ನು ಯಾರೋ ಗಟ್ಟಿಯಾಗಿ ಹೇಳಿದ್ದು ಅದೇ ಮೊದಲು. ಅವನು ಎದ್ದು ನಿಂತು ಎಲ್ಲರಿಗೂ ಕೈಮುಗಿದ.

"...ತಿಪ್ಪಮ್ಮನವರ ಕೊಬ್ಬರಿ ಮನೆಯಲ್ಲಿ ಗಣಿಗಾರಿಕೆ ನಡೆಸಲು..."

"ಗಣಿನಾ?" ಮುಂದಿನ ಸಾಲಿನಿಂದ ತೋಟದ ಅಡವಿಯಪ್ಪ ಎದ್ದ. "ನಮ್ಮಕ್ಕನ ಊರಲ್ಲಿ ಅದಿರು ತೆಗ್ದು ತೆಂಗಿನ ಗರಿಯೆಲ್ಲ ಕೆಂಪ್ ಧೂಳು. ಇಲ್ಲೂ ಅಗೀತೀಯೇನಪ್ಪ?"

"ಅಗೆಯೋದಿಲ್ಲ ಸ್ವಾಮಿ. ಮಿಷಿನ್ನು ಲೆಕ್ಕ ಮಾಡ್ತವೆ."

"ಲೆಕ್ಕಕ್ಕೆ ಗಣಿ ಯಾಕೆ? ನಮ್ ಮೇಷ್ಟ್ರು ಲೆಕ್ಕ ಹೇಳ್ಕೊಡೋಕೆ ಜೆಸಿಬಿ ತರ್ತಿದ್ರಾ?"

ಸಭೆ ಗೊಳ್ಳೆಂದಿತು. ತಿಪ್ಪಮ್ಮ ತಡೆಯಲಾರದೆ ಎದ್ದಳು. "ಬುಡ್ರಪ್ಪ, ಪಾಪದ ಹುಡ್ಗ. ಅವನು ಬಂದ್ಮೇಲೆ ನನ್ ಕಾಯೆಲ್ಲ ಎಷ್ಟ್ ಬೇಗ ಒಣಗ್ತವೆ ಗೊತ್ತಾ!"

"ನೋಡಿದ್ರಾ?" ಅಡವಿಯಪ್ಪ ಕೂಗಿದ. "ಆಗ್ಲೇ ಊರಿನ ಕಾಯಿ ಒಣಗ್ತಾ ಐತೆ!"

ಅಟ್ಟದ ಕಾಯಿ ಬೇರೆ, ಮರದ ಕಾಯಿ ಬೇರೆ ಎಂದು ರಂಗನಾಥ ಹೇಳಿದ್ದು ಯಾರಿಗೂ ಕೇಳಲಿಲ್ಲ. ಊರಿನ ಎಲ್ಲೆಯೊಳಗೆ ಯಾವ ಗಣಿಗಾರಿಕೆಯೂ ಕೂಡದೆಂದು ಕೈಗಳು ಮೇಲೆದ್ದವು.

ಲಾರಿ ಬಂತು. ಯಂತ್ರಗಳನ್ನು ಒಂದೊಂದಾಗಿ ನಿಲ್ಲಿಸಿ ಹೊರಗೆ ಸಾಗಿಸಿದರು.

"ಕನ್ನಡ ಪಂಡಿತ!" ಮಲ್ಲಿಕಾರ್ಜುನ್ ಅವನ ಬೆನ್ನಿಗೆ ಗುದ್ದಿದ. ಆಮೇಲೆ ಮುಖ ತಿರುಗಿಸಿಕೊಂಡು, "ಅಲ್ಲಿ ನೋಡ್ಕೊಳೋಕೆ ಅಲ್ಲಿನೋರೇ ಇದಾರಂತೆ ಕಣೋ. ನಿಂಗೆ ಆಮೇಲೆ ಹೇಳ್ತೀನಿ," ಅಂದ.

ಲಾರಿ ಹೋದ ಮೇಲೆ ಶೆಡ್ಡಿನಲ್ಲಿ ಎಲ್ಲವೂ ಕೇಳಿಸತೊಡಗಿತು. ತಗಡಿನ ಮೇಲೆ ಕಾಗೆಯ ಉಗುರು, ಅಟ್ಟದ ಮೇಲೆ ತಿಪ್ಪಮ್ಮನ ಹೆಜ್ಜೆ.

"ನಂಗೆ ಈಚೀಚೆಗೆ ಕಿವಿ ಮಂದ, ನೀನೇ ನೋಡು," ಎಂದು ಅವಳು ಮೇಲಿನಿಂದ ಒಂದು ಕಾಯಿ ಕೊಟ್ಟಳು. ಅವನು ಅಲ್ಲಾಡಿಸಿದ. ಒಳಗೆ ಸ್ವಲ್ಪವೇ ನೀರು ಕುಲುಕಿತು.

"ಇನ್ನೂ ಆಗಿಲ್ಲಮ್ಮ."

"ಇನ್ಮೇಲೆ ನಿಧಾನ್ವೇ ಬುಡು," ಎಂದು ಕಾಯಿ ವಾಪಸು ಇಸಿದುಕೊಂಡಳು.

ಚೀಲ ಹಿಡಿದು ಗುಬ್ಬಿ ಬಸ್ಸಿಗೆ ನಿಂತಿದ್ದಾಗ ಟೀ ಅಂಗಡಿಯ ಬೆಂಚಿನಿಂದ ಅಡವಿಯಪ್ಪ ಕರೆದ.

"ಏನ್ ರಂಗನಾಥ್, ಊರಿಗಾ? ಟೀ ಕುಡ್ದು ಹೋಗು ಬಾ."

ಅವನು ತಿರುಗಿ ನೋಡಿದ. ಬೆಂಚಿನಲ್ಲಿದ್ದವರೆಲ್ಲ ಅವನಿಗೆಂದು ಸರಿದು ಜಾಗ ಮಾಡುತ್ತಿದ್ದರು. ಅಷ್ಟರಲ್ಲಿ ಬಸ್ಸು ಬಂತು.