ಇರುವವರ ಹೆಸರು

ನಾಲ್ಕು ವರ್ಷ ಆ ಭಾಷೆಗೆ ಹೆಸರೇ ಇರಲಿಲ್ಲ. ಲಿಫ್ಟು ಯಾವ ಮಹಡಿಗೆ ಮೊದಲು ಹೋಗಬೇಕು, ಬಾಗಿಲು ಎಷ್ಟು ಹೊತ್ತು ತೆರೆದಿರಬೇಕು, ಇಂಥದ್ದನ್ನೆಲ್ಲ ಮೆಕ್ಯಾನಿಕ್‌ಗಳೇ ಕಂಪ್ಯೂಟರಿನಲ್ಲಿ ಬರೆದು ಲಿಫ್ಟಿಗೆ ತಿಳಿಸಲಿ ಎಂದು ಮಾಡಿದ ಭಾಷೆ. ಲಿಫ್ಟ್ ಕಂಪನಿಯ ಆ ಆಫೀಸಿನಲ್ಲಿ ಎಲ್ಲರೂ ಅದನ್ನು ‘ಹೊಸದು’ ಅಂತಲೇ ಕರೆಯುತ್ತಿದ್ದರು. ಹೊಸದು ಹಳೆಯದಾಗುತ್ತ ಬಂದರೂ ಹಾಗೇ ಕರೆಯುತ್ತಿದ್ದರು.

ಅದನ್ನು ಕಟ್ಟಿದವಳು ಅಕ್ಕ. ತಂಗಿಯೂ ಜೊತೆಗಿದ್ದಳು, ಇಲ್ಲವೆನ್ನುವಂತಿಲ್ಲ. ಅವಳಿಗೆ ಅಲ್ಲಿ ಕೆಲಸ ಕೊಡಿಸಿದ್ದೇ ಅಕ್ಕ. ಹೇಳಿದ್ದನ್ನು ಹೇಳಿದಂತೆ ಅಚ್ಚುಕಟ್ಟಾಗಿ ಮಾಡುತ್ತಿದ್ದಳು. ಆದರೆ ಆ ಭಾಷೆಗೊಂದು ಹಟವಿತ್ತಲ್ಲ, ಅದು ಅಕ್ಕನದು. ಬಾಗಿಲು ತೆರೆದಿರುವಾಗ ಲಿಫ್ಟು ಹೊರಡಲಿ ಎಂದು ಆ ಭಾಷೆಯಲ್ಲಿ ಬರೆಯಲು ಬರುವುದೇ ಇಲ್ಲ. ಬುದ್ಧಿವಂತ ಬರೆಯಲಿ, ದಡ್ಡ ಬರೆಯಲಿ, ಸುತ್ತಿ ಬಳಸಿ ಬರೆಯಲಿ, ಭಾಷೆ ಜಪ್ಪಯ್ಯ ಅಂದರೂ ಒಪ್ಪುವುದಿಲ್ಲ. ಇಷ್ಟನ್ನು ಅದಕ್ಕೆ ಕಲಿಸುವಷ್ಟರಲ್ಲಿ ಅಕ್ಕನ ಕಣ್ಣು ಮಂಜಾಗಿತ್ತು, ಕುತ್ತಿಗೆ ಹಿಡಿದುಕೊಂಡಿತ್ತು, ಇದ್ದ ಒಂದಿಬ್ಬರು ಗೆಳತಿಯರೂ ಫೋನ್ ಮಾಡುವುದನ್ನು ಬಿಟ್ಟಿದ್ದರು.

ಭಾಷೆ ಮುಗಿದ ಮೇಲೆ ಅದನ್ನು ನೋಡಿಕೊಳ್ಳಲು ಒಬ್ಬರು ಸಾಕು ಎಂದು ಮೇಲಿನವರು ಹೇಳಿಬಿಟ್ಟಿದ್ದರು. ಆ ಒಬ್ಬರು ತಾನೇ ಎಂಬುದರಲ್ಲಿ ಅಕ್ಕನಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಅವಳ ಚಿಂತೆಯೆಲ್ಲ ತಂಗಿಯದು. ಯಾರ ಮುಂದೆಯೂ ಕೈ ಚಾಚದ ಹೆಂಗಸು ಮ್ಯಾನೇಜರನ ಕೋಣೆಗೆ ಹೋಗಿ, “ಅವಳನ್ನ ಬೇರೆ ಎಲ್ಲಾದ್ರೂ ಹಾಕಿ, ಮನೆಗೆ ಮಾತ್ರ ಕಳಿಸ್ಬೇಡಿ” ಎಂದು ಅಂಗಲಾಚಿದ್ದಳು. “ನಿಮ್ಮ ತಂಗಿ ಬಗ್ಗೆ ಯೋಚನೇನೇ ಬೇಡ” ಎಂದಿದ್ದ ಅವನು. ಆ ಮಾತಿನಿಂದ ಅವಳಿಗೆ ಒಳ್ಳೆಯ ನಿದ್ದೆಯೂ ಬಂದಿತ್ತು, ಪಾಪ.

ಹೆಸರಿನ ವಿಷಯದಲ್ಲಿ ಆ ಆಫೀಸಿಗೊಂದು ಪದ್ಧತಿಯಿತ್ತು. ಹಿಂದೊಮ್ಮೆ ಪರೀಕ್ಷೆಯ ಲಿಫ್ಟಿಗೆ ಅಲ್ಲಿನ ಎಲೆಕ್ಟ್ರಿಶಿಯನ್ ಒಬ್ಬನ ಅಡ್ಡಹೆಸರನ್ನೇ ಇಟ್ಟಿದ್ದರು, ಗುಂಡಣ್ಣ ಎಂದು. ಲಿಫ್ಟು ಕೆಟ್ಟಾಗಲೆಲ್ಲ “ಈ ಗುಂಡಣ್ಣನಿಗೆ ಒದೀರೋ”, “ಗುಂಡಣ್ಣ ಯಾವತ್ತೂ ದಂಡ” ಎಂದು ಕೂಗಾಟ. ಮೊದಮೊದಲು ಎಲ್ಲರ ಜೊತೆ ನಗುತ್ತಿದ್ದ ಮನುಷ್ಯ ಒಂದು ದಿನ ಊಟದ ಡಬ್ಬಿಯ ಮುಂದೆ ಕೂತು ಅತ್ತುಬಿಟ್ಟ. ಆಗ ಅಕ್ಕ ಕಡ್ಡಿ ಮುರಿದಂತೆ ಹೇಳಿದ್ದಳು: “ಇರೋರ ಹೆಸರು ಇಡಬೇಡಿ. ಬಿಟ್ಟು ಹೋದವರ ಹೆಸರಿಡಿ. ಎಷ್ಟು ಬೈದ್ರೂ ಅವರ ಕಿವಿಗೆ ಬೀಳಲ್ಲ.” ಅಂದಿನಿಂದ ಅದೇ ನಡೆದುಕೊಂಡು ಬಂತು. ಪ್ರಿಂಟರಿಗೆ ನಿವೃತ್ತನಾದ ಕ್ಯಾಷಿಯರನ ಹೆಸರು. ದೊಡ್ಡ ಕಂಪ್ಯೂಟರಿಗೆ, ಜಗಳವಾಡಿ ರಾಜೀನಾಮೆ ಬಿಸಾಕಿ ಹೋದವನ ಹೆಸರು.

ಹೆಸರಿಡುವ ದಿನ ಬೆಳಿಗ್ಗೆ ಗಾಜಿನ ಗೋಡೆಯ ಕೋಣೆಯಲ್ಲಿ ಎಲ್ಲರೂ ಸೇರಿದರು. ಅಕ್ಕ ಒಂದು ಹೆಸರನ್ನು ಮನಸ್ಸಿನಲ್ಲೇ ಇಟ್ಟುಕೊಂಡು ಬಂದಿದ್ದಳು, ‘ಹೊಸ್ತಿಲು’ ಎಂದು. ಸ್ನಾನ ಮಾಡುವಾಗ, ಬಸ್ಸಿಗೆ ಕಾಯುವಾಗ ಬಾಯಲ್ಲಿ ಹೇಳಿ ಹೇಳಿ ನೋಡಿದ್ದಳು. ಯಾರಾದರೂ ಕೇಳಲಿ ಎಂದು ಕಾಯುತ್ತಿದ್ದಳು.

ಯಾರೂ ಕೇಳಲಿಲ್ಲ. ಮ್ಯಾನೇಜರ್ ಕೈ ಉಜ್ಜಿಕೊಂಡು ಎದ್ದ. “ಹೆಸರು ತೀರ್ಮಾನ ಆಗಿದೆ. ಇದನ್ನ ಕಟ್ಟಿದವರಿಗೆ ನಮ್ಮ ಗೌರವ. ಇವತ್ತಿಂದ ನಮ್ಮ ಭಾಷೆ ಹೆಸರು ಗುಬ್ಬಿ.”

ಚಪ್ಪಾಳೆ ಬಿತ್ತು. ಅಕ್ಕನಿಗೆ ಒಂದು ಗಳಿಗೆ ಅಪ್ಪ ಹಿತ್ತಿಲಿನಿಂದ ‘ಗುಬ್ಬೀ’ ಎಂದು ತನ್ನನ್ನೇ ಕರೆದ ಹಾಗಾಯಿತು. ಸುಳ್ಳೇಕೆ, ಸಂತೋಷವೇ ಆಯಿತು. ಆಮೇಲೆ ಚಪ್ಪಾಳೆ ತಟ್ಟುತ್ತಿದ್ದವರ ಮುಖ ನೋಡಿದಳು. ಒಬ್ಬರೂ ಇವಳ ಕಣ್ಣಿಗೆ ಕಣ್ಣು ಕೊಡುತ್ತಿರಲಿಲ್ಲ. ಬಿಟ್ಟು ಹೋದವರ ಹೆಸರು. ಹಾಗಾದರೆ ಹೋಗಬೇಕಾದವಳು ತಾನೇ.

ಅದರ ಹಿಂದೆಯೇ ಇನ್ನೊಂದು ಹೊಳೆಯಿತು. ಅವಳನ್ನು ಗುಬ್ಬಿ ಎಂದು ಕರೆಯುತ್ತಿದ್ದವನು ಅಪ್ಪ ಒಬ್ಬನೇ; ಅವನು ತೀರಿಕೊಂಡು ಎಷ್ಟೋ ಕಾಲವಾಯಿತು. ಆ ಹೆಸರು ಗೊತ್ತಿದ್ದ ಇನ್ನೊಂದು ಜೀವ ಎದುರಿಗೇ ಕೂತು, ಮೇಜಿನ ಮೇಲೆ ಇಲ್ಲದ ಧೂಳನ್ನು ಬೆರಳಿನಿಂದ ಒರೆಸುತ್ತಿತ್ತು.

“ಒಂದು ನಿಮಿಷ ಬಾ” ಎಂದು ಅಕ್ಕ ಅವಳನ್ನು ಹೊರಗೆ, ಕಾಫಿ ಮಷೀನಿನ ಪಕ್ಕಕ್ಕೆ ಎಳೆದುಕೊಂಡು ಹೋದಳು.

“ಯಾವಾಗಿಂದ ಗೊತ್ತು ನಿಂಗೆ?”

“ಹೋದ ತಿಂಗಳಿಂದ.”

“ಹೋದ ತಿಂಗಳು ನಾನು ನಿನಗೋಸ್ಕರ ಅವನ ಕಾಲು ಹಿಡಿಯೋದೊಂದು ಬಾಕಿ ಇತ್ತು ಕಣೇ.”

“ಗೊತ್ತು. ಅವರೇ ಹೇಳಿದ್ರು.”

“ನಗ್ತಾ ಹೇಳಿದ್ನಾ?”

ತಂಗಿ ತಲೆ ತಗ್ಗಿಸಿಕೊಂಡೇ ಹೇಳಿದಳು: “ನೀನು ಯಾರ ಮಾತೂ ಕೇಳಲ್ಲ, ಬಾಗಿಲು ಬಾಗಿಲು ಅಂತ ಎಲ್ಲರ ಪ್ರಾಣ ತಿಂತೀಯ ಅಂದ್ರು. ನಾನು ಇಲ್ಲ ಅನ್ನಲಿಲ್ಲ ಅಕ್ಕ. ನಿಂಗಾದ್ರೆ ಎಲ್ಲಿ ಹೋದ್ರೂ ಕೆಲಸ ಸಿಗುತ್ತೆ. ನಂಗೆ ನೀನು ಕೊಡಿಸಿದ್ದು ಬಿಟ್ರೆ ಏನಿದೆ ಹೇಳು? ಹೆಸರಾದ್ರೂ ನಿಂದೇ ಉಳೀಲಿ ಅಂತ ನಾನೇ ಅವರ ಹತ್ರ ಜಗಳ ಆಡಿ ಒಪ್ಪಿಸ್ದೆ.”

ತಿಂಗಳಿಡೀ ಒಂದೇ ಡಬ್ಬಿಯಿಂದ ಊಟ ಮಾಡಿದ್ದರು ಇಬ್ಬರೂ. ಕೆಲಸ ಬಾಚಿಕೊಂಡದ್ದು ಸಾಲದು ಎಂದು ಉಪಕಾರ ಬೇರೆ ಮಾಡಿದ್ದಾಳೆ ಮಹಾರಾಯಿತಿ! ಅಕ್ಕನಿಗೆ ಅಳು ಬರಲಿಲ್ಲ, ಮೈಯೆಲ್ಲ ಉರಿಯಿತು. ಆ ಉರಿಯಲ್ಲೇ ಒಂದು ಯೋಚನೆ ಬಂತು. ಬಂದದ್ದೇ ತಡ, ಸರಸರನೆ ಕೋಣೆಗೆ ವಾಪಸು ಹೋದಳು.

“ನನ್ನ ಹೆಸರು ಬೇಡ” ಎಂದಳು, ಮುಖದ ತುಂಬ ನಗು ತಂದುಕೊಂಡು. “ಇನ್ಮೇಲೆ ಇದನ್ನ ಸಾಕೋಳು ನನ್ನ ತಂಗಿ. ನೀವೆಲ್ಲ ಅವಳನ್ನ ಚಿನ್ನು ಅಂತೀರಲ್ಲ, ಅದನ್ನೇ ಇಡಿ.”

“ಇರೋರ ಹೆಸರು ಇಡಬಾರದು ಅಂದೋರು ನೀವೇ ಅಲ್ವಾ ಮೇಡಂ?” ಎಂದ ಮ್ಯಾನೇಜರ್.

“ನಾನು ಮಾಡಿದ್ದು, ನಾನೇ ಮುರೀತೀನಿ.”

ಅವಳ ಹೊಟ್ಟೆಯಲ್ಲಿದ್ದದ್ದು ಬೇರೆ. ನಾಳೆಯಿಂದ ಎಲ್ಲಿ ಯಾವ ಲಿಫ್ಟು ನಿಂತರೂ ಈ ಚಿನ್ನುಗಿಷ್ಟು ಬೆಂಕಿ ಹಾಕ ಎನ್ನುತ್ತಾರೆ. ದಿನಾ ಅನ್ನಲಿ, ಅವಳ ಎದುರಿಗೇ ಅನ್ನಲಿ, ಗುಂಡಣ್ಣನ ಹಾಗೆ ಡಬ್ಬಿ ಮುಂದೆ ಕೂತು ಅಳಲಿ. ಒಡಹುಟ್ಟಿದವಳಿಗೆ ಹೀಗೆ ಬಯಸಬಾರದು ಎಂದು ಗೊತ್ತಿತ್ತು, ಗೊತ್ತಿದ್ದೇ ಬಯಸಿದಳು.

ಕೋಣೆಯವರೆಲ್ಲ ಕರಗಿಹೋದರು. ಎಂಥ ದೊಡ್ಡ ಮನಸ್ಸು, ಅಕ್ಕ ಅಂದರೆ ಹೀಗಿರಬೇಕು ಎಂದರು. ಈ ಸಲ ಎಲ್ಲರೂ ಅವಳ ಮುಖ ನೋಡಿಕೊಂಡೇ ಚಪ್ಪಾಳೆ ತಟ್ಟಿದರು. ತಂಗಿ ಬಂದು ತಬ್ಬಿಕೊಂಡು ಬಿಕ್ಕಿದಳು. “ನೀನು ಹೊಟ್ಟೆಗೆ ಹಾಕ್ಕೋತೀಯ ಅಂತ ನಂಗೆ ಗೊತ್ತಿತ್ತು” ಎಂದು ಅವಳ ಭುಜದ ಮೇಲೆಯೇ ಪಿಸುಗುಟ್ಟಿದಳು. ಅಕ್ಕ ಕಂಬದ ಹಾಗೆ ನಿಂತಿದ್ದಳು.

ಮಧ್ಯಾಹ್ನ ಭಾಷೆ ಕಲಿಯಲು ಮೆಕ್ಯಾನಿಕ್‌ಗಳು ಬಂದರು. ಅಷ್ಟರಲ್ಲಿ ಪರದೆಗಳ ಮೇಲೆಲ್ಲ ದಪ್ಪಕ್ಷರದಲ್ಲಿ ‘ಚಿನ್ನು’ ಎಂದು ಮೂಡಿತ್ತು. ಅವರಲ್ಲಿ ಹಿರಿಯನೊಬ್ಬ, ಗ್ರೀಸಿನ ಕಲೆ ಹೋಗದ ಕೈಯವನು, ಹೇಳಿಕೊಟ್ಟದ್ದನ್ನು ಬಿಟ್ಟು ತನ್ನ ಪಾಡಿಗೆ ಏನೋ ಬರೆದ. ಭಾಷೆ ಒಪ್ಪಲಿಲ್ಲ. ಅಳಿಸಿ ಇನ್ನೊಂದು ಥರ ಬರೆದ, ಒಪ್ಪಲಿಲ್ಲ. ಮತ್ತೊಂದು ಥರ ಬರೆದ. ಕೊನೆಗೆ ಕುರ್ಚಿಗೆ ಒರಗಿ ಕಣ್ಣು ಒರೆಸಿಕೊಂಡ.

“ಬಾಗಿಲು ತೆಗೆದಿರುವಾಗಲೇ ಲಿಫ್ಟು ಹೊರಟುಬಿಟ್ಟಿತ್ತು. ನನ್ನ ತಮ್ಮನ ಕಾಲು ಹೋಗಿದ್ದು ಹಾಗೇನೇ” ಎಂದ. “ಆಗ ಇದು ಇದ್ದಿದ್ರೆ...” ಮಾತು ಮುಗಿಸದೆ ಸುತ್ತ ನೋಡಿದ. “ಈ ಚಿನ್ನು ಅಂದ್ರೆ ಯಾರು?”

ಯಾರೋ ತಂಗಿಯನ್ನು ತೋರಿಸಿದರು. ಅವನು ಎದ್ದು ಅಕ್ಕನ ಮುಂದಿನಿಂದಲೇ ಹಾದು ಹೋಗಿ, ತಂಗಿಯ ಎರಡೂ ಕೈ ಹಿಡಿದುಕೊಂಡ.

“ಈ ಬಾಗಿಲಿನ ವಿಷಯ ಹೊಳೆದಿದ್ದು ನಿಮಗೇನಾ ತಾಯಿ?”

ತಂಗಿ ಒಮ್ಮೆ ಅಕ್ಕನ ಕಡೆ ನೋಡಿದಳು. ಅಕ್ಕ ಕಾದಳು.

“ಹೂಂ” ಎಂದಳು ತಂಗಿ.