ಗಂಟಲಿಳಿದ ಮೊಳೆ

ಸೋಫಾಗಳಿಗೆ ಬಟ್ಟೆ ಬಿಗಿಯುವವರಿಗೆ ಬಾಯಿಯೇ ಮೂರನೆಯ ಕೈ. ಒಂದು ಕೈ ಬಟ್ಟೆ ಎಳೆದು ಹಿಡಿದಿರುತ್ತದೆ, ಇನ್ನೊಂದರಲ್ಲಿ ಸುತ್ತಿಗೆ. ಸಣ್ಣ ಮೊಳೆಗಳೆಲ್ಲ ಬಾಯಲ್ಲಿ. ನಾಲಿಗೆ ಒಂದೊಂದನ್ನೇ ತುಟಿಗೆ ತಳ್ಳಿಕೊಡಬೇಕು. ಮೇಸ್ತ್ರಿಯೂ ಅವನ ತಂಗಿಯ ಗಂಡನೂ ಹೀಗೆ ಎದುರುಬದುರು ಕೂತೇ ತಲೆ ನೆರೆಸಿಕೊಂಡವರು.

ಒಂದು ದಿನ ಮೇಸ್ತ್ರಿ ಮಾಲೀಕನ ನಡಿಗೆಯನ್ನು ಅಣಕಿಸಿ ತೋರಿಸಿದ. ಭಾವನಿಗೆ ನಗು ತಡೆಯಲಾಗಲಿಲ್ಲ. ನಗುವಿನ ಜೊತೆಗೇ ಒಂದು ಮೊಳೆ ಒಳಗಿಳಿಯಿತು.

"ಬಾಳೆಹಣ್ಣು ನುಂಗು ಭಾವ, ಜಾರ್ಕೊಂಡು ಹೋಗುತ್ತೆ. ನಾನೆಷ್ಟು ನುಂಗಿಲ್ಲ! ನನ್ನ ಹೊಟ್ಟೆ ಕೊಯ್ದರೆ ಒಂದು ಕುರ್ಚಿಗಾಗೋಷ್ಟು ಸಿಗುತ್ತೆ."

ಭಾವ ಕೆಮ್ಮಿ ಕೆಮ್ಮಿ ಕಣ್ಣೊರೆಸಿಕೊಂಡ. "ಯಾರಿಗೂ ಹೇಳ್ಬೇಡ. ಇಷ್ಟು ವರ್ಷದ ಕೆಲಸಗಾರ ಮೊಳೆ ನುಂಗಿದ ಅಂತ ಆಡ್ಕೊಂಡು ನಗ್ತಾರೆ."

ವಾರದೊಳಗೆ ಕುತ್ತಿಗೆ ಬಾತು ಗಲ್ಲವೂ ಎದೆಯೂ ಒಂದಾದವು. ಎಂಜಲು ನುಂಗಲಾಗದು, ಮಾತು ಹೊರಡದು. ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಕೇಳಿದರು: "ಗಂಟಲಲ್ಲಿ ಏನಾದ್ರೂ ಸಿಕ್ಕೊಂಡಿತ್ತಾ? ಮುಳ್ಳು, ಮೂಳೆ?"

ಭಾವ ಮೇಸ್ತ್ರಿಯ ಕಡೆ ನೋಡಿದ. ಮೊಳೆ ಎಂದೋ ಇಳಿದು ಹೋಗಿದೆ ಎಂದೇ ಮೇಸ್ತ್ರಿಯ ನಂಬಿಕೆ. ಮೇಲೆ ಕೊಟ್ಟ ಮಾತು ಬೇರೆ. ಬಾಯಿ ಬಿಟ್ಟರೆ ಬಣ್ಣಗೇಡು.

"ಏನಿಲ್ಲಮ್ಮ, ಹುಳುಕು ಹಲ್ಲಿತ್ತು" ಎಂದ.

ಹಲ್ಲಿನ ನಂಜೆಂದೇ ಎರಡು ದಿನ ಸೂಜಿಮದ್ದು ನಡೆಯಿತು. ಆಮೇಲೆ ಮಲಗಿಸಿದರೆ ಉಸಿರೇ ಕಟ್ಟತೊಡಗಿತು. ಕುತ್ತಿಗೆಗೆ ತೂತು ಮಾಡಿ, ನಳಿಗೆ ಇಟ್ಟು, ಉಸಿರು ಆಡಿದ ಮೇಲೆ ಸ್ಕ್ಯಾನಿಂಗಿಗೆ ಒಯ್ದರು.

ಸ್ವಲ್ಪ ಹೊತ್ತಿಗೆ ಡಾಕ್ಟರಮ್ಮ ಅಣ್ಣ ತಂಗಿ ಇಬ್ಬರನ್ನೂ ಕಂಪ್ಯೂಟರಿನ ಮುಂದೆ ಕರೆದರು. ಬೂದು ಬಣ್ಣದ ಕುತ್ತಿಗೆಯ ನಡುವೆ ಬೆಳ್ಳಗೆ ಒಂದು ಗೆರೆ, ಅದರ ತುದಿಗೆ ಚಪ್ಪಟೆ ತಲೆ. ಅದೇನೆಂದು ಮೇಸ್ತ್ರಿಗೆ ಯಾರೂ ಹೇಳಬೇಕಾಗಿರಲಿಲ್ಲ.

"ಮೊಳೆ ಇದು. ಅನ್ನನಾಳ ತೂತು ಮಾಡಿದೆ. ಈ ಕಪ್ಪು ಗುಳ್ಳೆ ನೋಡಿ, ಗಾಳಿ. ಸುತ್ತ ಕೀವು. ಎದೆಯೊಳಗೆ ಹೃದಯದ ಪಕ್ಕದವರೆಗೂ ಇಳಿದಿದೆ. ಕುತ್ತಿಗೆ ಜೊತೆ ಎದೆನೂ ತೆರೀಬೇಕು. ಬಂದ ದಿನವೇ ಗೊತ್ತಾಗಿದ್ದಿದ್ರೆ..."

ತಂಗಿ ತಿರುಗಿದಳು. "ನಿಂಗೆ ಗೊತ್ತಿತ್ತಾ ಅಣ್ಣ?"

"ಇಳಿದು ಹೋಗಿದೆ ಅಂದ್ಕೊಂಡೆ ಕಣವ್ವ. ಅವನೇ ಹೇಳ್ಬೇಡ ಅಂದಿದ್ದ."

"ಅವರಿಗೆ ಬಾಯಿ ಬಿದ್ದೋಗಿತ್ತು. ನಿಂಗೇನಾಗಿತ್ತು?"

ಮೊಳೆ ತೆಗೆದರು, ಕೀವು ಬಸಿದರು, ಎದೆಗೂ ನಳಿಗೆ ಇಟ್ಟರು. ಮತ್ತೆ ಸ್ಕ್ಯಾನಿಂಗ್ ಮಾಡಿ ನೋಡಿದರೆ ಕುತ್ತಿಗೆ ತಿಳಿಯಾಗಿತ್ತು, ಎದೆಯಲ್ಲಿ ಮಾತ್ರ ಕೀವು ತಿರುಗಿ ಕಟ್ಟಿತ್ತು. ಎರಡನೆಯ ಸಲ ಆಪರೇಷನ್ನಿಗೆ ಒಳಗೆ ಒಯ್ದವನು ಮತ್ತೆ ಕಣ್ಣು ಬಿಡಲಿಲ್ಲ.

ಹೆಣ ಎತ್ತುವ ಹೊತ್ತಿಗೆ ಮೇಸ್ತ್ರಿ ತಲೆಯ ಕಡೆಗೆ ಹೋಗಿ ಬಗ್ಗಿದ. ತಂಗಿ ಅಡ್ಡ ಬಂದು ನಿಂತಳು. ಕಣ್ಣಲ್ಲಿ ನೀರಿರಲಿಲ್ಲ.

"ನೀನು ಹೆಗಲು ಕೊಡ್ಬೇಡ. ಹಿಂದೆ ಬಾ, ಸಾಕು."

ಅವಳ ಮೈದುನ ಆ ಜಾಗಕ್ಕೆ ಬಂದ. ಮೇಸ್ತ್ರಿ ಎಲ್ಲರೂ ಮುಂದೆ ಹೋಗುವವರೆಗೆ ಗೋಡೆಗೆ ಸರಿದು ನಿಂತು, ಕೊನೆಯವನಾಗಿ ಹೊರಟ.